ಅಂಚೆಯಿಂದ ನೀಲಿ ಡಬ್ಬಿಯವರೆಗೆ: ರಿಲೇ ಎಂಬ ಮಧ್ಯವರ್ತಿಯ ಚರಿತ್ರೆ

ಹೈದರಾಬಾದಿನ ಪಶ್ಚಿಮದಂಚಿನ ಮಣಿಕೊಂಡದಲ್ಲಿ ನಮ್ಮಂಥವರು ವಾಸಿಸುವ ಬಹುಮಹಡಿ ಕಟ್ಟಡಗಳ ನೆಲಮಾಳಿಗೆಯಲ್ಲಿ, ಮೀಟರುಗಳ ಸಾಲಿನ ಪಕ್ಕದಲ್ಲಿ, ಸಾಮಾನ್ಯವಾಗಿ ಒಂದು ಚಿಕ್ಕ ಪೆಟ್ಟಿಗೆ ಇರುತ್ತದೆ. ಮೇಲಿನ ತೊಟ್ಟಿಯಲ್ಲಿ ನೀರಿನ ಮಟ್ಟ ಇಳಿದಾಗ ಅದರೊಳಗಿಂದ 'ಟಕ್' ಎಂದು ಸದ್ದಾಗುತ್ತದೆ. ಮರುಕ್ಷಣವೇ ಸಂಪಿನ ಮೋಟಾರು ಗುಯ್ಗುಡತೊಡಗುತ್ತದೆ. ತೊಟ್ಟಿ ತುಂಬಿದಾಗ ಮತ್ತೊಮ್ಮೆ 'ಟಕ್', ಮೋಟಾರು ಸುಮ್ಮನಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರು ನೀರಿಗೆ ಹಣ ತೆತ್ತು ಬದುಕುವ ಬಡಾವಣೆಯಲ್ಲಿ ಈ ಸದ್ದಿಗೆ ಬೆಲೆಯಿದೆ. ಆದರೂ ಅದು ಎಲ್ಲಿಂದ ಬಂತು ಎಂದು ವಿಚಾರಿಸುವವರು ಕಡಿಮೆ.

ಆ ಸದ್ದು ಮಾಡುವ ಸಾಧನದ ಹೆಸರು ರಿಲೇ. ಕೋಠಿಯ ಗುಜರಾತಿ ಗಲ್ಲಿಗೆ ಹೋದರೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಹಲಗೆಯ ಮೇಲೆ ನೀಲಿ ಡಬ್ಬಿಯೊಂದನ್ನು ಕೂರಿಸಿದ 'ರಿಲೇ ಮಾಡ್ಯೂಲ್' ಅಲ್ಪ ಬೆಲೆಗೆ ದೊರೆಯುತ್ತದೆ. ಶಾಲಾ ಬಾಲಕರು ಅದನ್ನು ಕೊಂಡು, ಮೈಕ್ರೋಕಂಟ್ರೋಲರಿನ ಹಲಗೆಯೊಂದಕ್ಕೆ ಮೂರು ತಂತಿಗಳಿಂದ ಜೋಡಿಸಿ, ಮನೆಯ ದೀಪವನ್ನು ಫೋನಿನಿಂದ ಹೊತ್ತಿಸಿ ತೋರಿಸುತ್ತಾರೆ. ಹೊಸ ವಿದ್ಯೆಯೆಂದು ನಾವು ಮೆಚ್ಚುತ್ತೇವೆ. ಆದರೆ ಆ ನೀಲಿ ಡಬ್ಬಿಯೊಳಗಿನ ತತ್ತ್ವಕ್ಕೆ ಸುಮಾರು 190 ವರ್ಷಗಳ ವಯಸ್ಸು. ಅದರ ಚರಿತ್ರೆಯುದ್ದಕ್ಕೂ ಒಂದೇ ಪ್ರಶ್ನೆ ಮರಳಿ ಮರಳಿ ಎದ್ದಿದೆ: ಅಪ್ಪಣೆ ಕೊಡುವವನು ಸುಮ್ಮನಾದಾಗ, ಅಪ್ಪಣೆ ಪಾಲಿಸುವವನು ಎಲ್ಲಿ ನಿಲ್ಲಬೇಕು? ಆ ಪ್ರಶ್ನೆಗೆ ಬೇರೆ ಬೇರೆ ಕಾಲದವರು ಕೊಟ್ಟ ಉತ್ತರಗಳನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನ 'ರಿಲೇ' ಎಂಬ ಪದ ಫ್ರೆಂಚಿನಿಂದ ಬಂದದ್ದು. ದಣಿದ ಬೇಟೆನಾಯಿಗಳ ಬದಲಿಗೆ, ದಣಿದ ಕುದುರೆಗಳ ಬದಲಿಗೆ, ದಾರಿಯಲ್ಲಿ ಸಿದ್ಧವಾಗಿ ನಿಲ್ಲಿಸಿದ ಹೊಸ ತಂಡಕ್ಕೆ ಆ ಹೆಸರಿತ್ತು. ಕನ್ನಡಿಗರಿಗೆ ಈ ಕಲ್ಪನೆ ಅಪರಿಚಿತವಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಏರ್ಪಡಿಸಿದರೆಂದು ಹೇಳಲಾಗುವ ಅಂಚೆಯ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಗುವವರೆಗೂ ನಡೆಯಿತು. ಒಬ್ಬ ಓಟಗಾರ ಊರಿಂದ ಊರಿಗೆ ಇಡೀ ರಾಜ್ಯ ಸುತ್ತುತ್ತಿರಲಿಲ್ಲ. ತನ್ನ ಪಾಲಿನ ದೂರವನ್ನು ಓಡಿ, ಮುಂದಿನ ಕಟ್ಟೆಯಲ್ಲಿ ಕಾದಿದ್ದವನ ಹೆಗಲಿಗೆ ಚೀಲವನ್ನು ದಾಟಿಸುತ್ತಿದ್ದ. ಓಲೆ ಅದೇ, ಕಾಲು ಮಾತ್ರ ಹೊಸತು. ವಿದ್ಯುತ್ತಿನ ರಿಲೇ ಮಾಡುವುದೂ ಇಷ್ಟೇ: ಸಂದೇಶ ಅದೇ, ಅದನ್ನು ಹೊತ್ತೊಯ್ಯುವ ಶಕ್ತಿ ಹೊಸತು.

ಅಮೆರಿಕದ ಜೋಸೆಫ್ ಹೆನ್ರಿ 1831ರಲ್ಲಿ ಆಲ್ಬನಿ ಎಂಬ ಊರಿನಲ್ಲಿ, ಸುಮಾರು ಒಂದು ಮೈಲಿ ಉದ್ದದ ತಂತಿಯ ತುದಿಯಲ್ಲಿ ವಿದ್ಯುತ್ಕಾಂತದಿಂದ ಗಂಟೆ ಬಾರಿಸಿ ತೋರಿಸಿದ್ದ. ತಂತಿ ಉದ್ದವಾದಷ್ಟೂ ಪ್ರವಾಹ ಕ್ಷೀಣಿಸುತ್ತದೆ. ದೂರದಿಂದ ಬಂದ ಆ ದುರ್ಬಲ ಪ್ರವಾಹದಿಂದ ದೊಡ್ಡ ಕೆಲಸ ಮಾಡಿಸುವುದು ಹೇಗೆ? ಪ್ರಿನ್ಸ್‌ಟನ್ನಿನಲ್ಲಿ ಪ್ರಾಧ್ಯಾಪಕನಾದ ಮೇಲೆ, 1835ರ ಸುಮಾರಿಗೆ, ಅವನಿಗೆ ಉಪಾಯ ಹೊಳೆಯಿತು. ದೂರದಿಂದ ಬಂದ ಪ್ರವಾಹ ಚಿಕ್ಕದೊಂದು ಕಬ್ಬಿಣದ ತುಂಡನ್ನು ಅಲುಗಿಸಿದರೆ ಸಾಕು. ಆ ತುಂಡಿನ ಚಲನೆ ಹತ್ತಿರದಲ್ಲಿಯೇ ಇರುವ ಇನ್ನೊಂದು ಬಲವಾದ ಮಂಡಲವನ್ನು ಬೆಸೆಯುತ್ತದೆ ಅಥವಾ ಬಿಡಿಸುತ್ತದೆ. ಭಾರಿ ತೂಕವನ್ನು ಎತ್ತಿ ಹಿಡಿದಿದ್ದ ದೊಡ್ಡ ವಿದ್ಯುತ್ಕಾಂತದ ಮಂಡಲವನ್ನು ದೂರದಿಂದ ಹೀಗೆ ಬಿಡಿಸಿ, ತೂಕ ಧೊಪ್ಪನೆ ನೆಲಕ್ಕೆ ಬೀಳುವುದನ್ನು ಅವನು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದ. ಹೆನ್ರಿ ಇದಕ್ಕೆ ಹಕ್ಕುಪತ್ರ ಪಡೆಯಲಿಲ್ಲ. ಇಂಗ್ಲೆಂಡಿನ ಎಡ್ವರ್ಡ್ ಡೇವಿ 1838ರಲ್ಲಿ ಇದೇ ಕೆಲಸದ ಸಾಧನವೊಂದಕ್ಕೆ ಹಕ್ಕುಪತ್ರ ಪಡೆದ. ಸ್ಯಾಮ್ಯುಯೆಲ್ ಮೋರ್ಸ್ 1844ರಲ್ಲಿ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತಂತಿ ಕಳಿಸಿದಾಗ ಈ ತತ್ತ್ವವನ್ನು ಬಳಸಿಕೊಂಡ. ಕೀರ್ತಿ ಮಾತ್ರ ಅವನಿಗೇ ಸಂದಿತು.

ಇಲ್ಲಿ ಗಮನಿಸಬೇಕಾದ ಗುಣಗಳು ಎರಡು. ಒಂದು, ಅಲ್ಪಶಕ್ತಿ ಮಹಾಶಕ್ತಿಯನ್ನು ಆಳುವುದು. ಎರಡು, ಆಳುವಾಗಲೂ ಅವೆರಡೂ ಒಂದನ್ನೊಂದು ಮುಟ್ಟದಿರುವುದು. ಸುರುಳಿಯ ಮಂಡಲಕ್ಕೂ ಸಂಪರ್ಕಗಳ ಮಂಡಲಕ್ಕೂ ನಡುವೆ ಕಾಂತಬಲ ಮಾತ್ರ ದಾಟುತ್ತದೆ, ವಿದ್ಯುತ್ತು ದಾಟುವುದಿಲ್ಲ. ತಂತಿ ಕಚೇರಿಯವರಿಗೆ ಬೇಕಾಗಿದ್ದುದು ಮೊದಲನೆಯ ಗುಣ. ಎರಡನೆಯದರ ಬೆಲೆ ತಿಳಿದದ್ದು ಮುಂದೆ, ವಿದ್ಯುತ್ತು ಸಂದೇಶವಾಹಕನ ಕೆಲಸದಿಂದ ಕೂಲಿಯಾಳಿನ ಕೆಲಸಕ್ಕೆ ಬಂದಾಗ. ನಮ್ಮಲ್ಲಿ ಆ ಕಾಲ ಬೇಗನೆ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ಹರಿದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಅಂಥ ವಿದ್ಯುತ್ತಿನ ಹತ್ತಿರ ಮನುಷ್ಯನ ಬರಿಗೈ ಸುಳಿಯಬಾರದು. ಗಣಿಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಗುಂಡಿ ಒತ್ತುವ ಬೆರಳಿಗೂ ಯಂತ್ರದ ವಿದ್ಯುತ್ತಿಗೂ ನಡುವೆ ಒಬ್ಬ ಮಧ್ಯವರ್ತಿ ಅವಶ್ಯವಾಯಿತು.

ದೂರವಾಣಿಯ ಕಾಲದಲ್ಲಿ ರಿಲೇ ಸಾವಿರಗಟ್ಟಲೆ ಸಂಖ್ಯೆಯಲ್ಲಿ ದುಡಿಯಿತು. ಅಮೆರಿಕದಲ್ಲಿ ಶವಸಂಸ್ಕಾರದ ಉದ್ಯೋಗ ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಹಕ್ಕುಪತ್ರ ಪಡೆದ ಸ್ವಯಂಚಾಲಿತ ವಿನಿಮಯ ಕೇಂದ್ರ ರಿಲೇಗಳನ್ನೂ ಮೆಟ್ಟಿಲು ಮೆಟ್ಟಿಲಾಗಿ ಏರುವ ಆಯ್ಕೆಯಂತ್ರಗಳನ್ನೂ ನಂಬಿತ್ತು. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಹುಟ್ಟಿದ ಭಾರತೀಯ ದೂರವಾಣಿ ಕಾರ್ಖಾನೆ, ನಮ್ಮ ಜನರ ಬಾಯಲ್ಲಿ ಐಟಿಐ, ಈ ಸ್ಟ್ರೌಜರ್ ಯಂತ್ರಗಳನ್ನು ದೇಶಕ್ಕೆ ಮಾಡಿಕೊಟ್ಟಿತು. ದೂರವಾಣಿನಗರ ಎಂಬ ಬಡಾವಣೆಯ ಹೆಸರೇ ಅದಕ್ಕೆ ಸಾಕ್ಷಿ. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನೊಳಗೆ ಕಾಲಿಟ್ಟವರಿಗೆ ಎಡೆಬಿಡದ ಟಕಟಕ ಸದ್ದು ನೆನಪಿರಬಹುದು; ಊರಿನ ಮಾತುಕತೆಯ ಭರಾಟೆ ಎಷ್ಟೆಂದು ಆ ಸದ್ದಿನಿಂದಲೇ ಅಳೆಯಬಹುದಿತ್ತು. ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಎಲೆಕ್ಟ್ರಾನಿಕ್ ವಿನಿಮಯ ಕೇಂದ್ರ 1986ರಲ್ಲಿ ಮೊದಲು ನೆಲೆಗೊಂಡದ್ದೂ ಕರ್ನಾಟಕದಲ್ಲಿಯೇ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಆ ಬಗೆಯ ಯಂತ್ರಗಳು ಊರೂರಿಗೂ ಬಂದಂತೆ ಟಕಟಕ ಸದ್ದು ಅಡಗುತ್ತ ಹೋಯಿತು.

ಗಣಕದ ವಂಶಾವಳಿಯಲ್ಲಿಯೂ ರಿಲೇಗೆ ಸ್ಥಾನವಿದೆ. ರಿಲೇಯ ಎರಡು ಸ್ಥಿತಿಗಳನ್ನು ಹೌದು-ಅಲ್ಲ ಎಂಬ ತರ್ಕವಾಗಿ ಓದಬಹುದೆಂದು ಕ್ಲಾಡ್ ಶಾನನ್ 1937ರ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದ. ಜರ್ಮನಿಯ ಕೊನ್ರಾಡ್ ತ್ಸೂಸೆ 1941ರಲ್ಲಿ ಎರಡು ಸಾವಿರಕ್ಕೂ ಮೀರಿದ ರಿಲೇಗಳಿಂದ ಗಣಕವನ್ನೇ ಕಟ್ಟಿದ. 1947ರಲ್ಲಿ ಹಾರ್ವರ್ಡಿನ ಮಾರ್ಕ್ 2 ಗಣಕದ ರಿಲೇಯೊಂದರಲ್ಲಿ ಸಿಕ್ಕಿಬಿದ್ದ ಪತಂಗವನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ ಕಥೆ ಪ್ರಸಿದ್ಧವಾಗಿದೆ. ಮುಂದೆ ಟ್ರಾನ್ಸಿಸ್ಟರು ಬಂದು ಲೆಕ್ಕದ ಕೆಲಸವನ್ನು ರಿಲೇಯಿಂದ ಕಿತ್ತುಕೊಂಡಿತು. ಅಲ್ಲಿಗೆ ರಿಲೇ ಮುಗಿಯಬೇಕಿತ್ತು, ಮುಗಿಯಲಿಲ್ಲ. ಏಕೆಂಬುದನ್ನು ರೈಲಿನ ಹಳಿಗಳ ಬಳಿ ತಿಳಿಯಬೇಕು.

1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಹಳಿಮಂಡಲಕ್ಕೆ ಹಕ್ಕುಪತ್ರ ಪಡೆದ. ಹಳಿಯ ಒಂದು ತುಂಡಿನ ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ. ಹಳಿ ಖಾಲಿಯಿದ್ದಾಗ ಪ್ರವಾಹ ಹಳಿಗಳ ಮೂಲಕ ಹರಿದು ರಿಲೇಯನ್ನು ಎತ್ತಿಹಿಡಿಯುತ್ತದೆ. ಆಗಷ್ಟೇ ಹಸಿರು ದೀಪಕ್ಕೆ ಅವಕಾಶ. ರೈಲು ಬಂದಾಗ ಅದರ ಗಾಲಿ-ಅಚ್ಚುಗಳು ಎರಡೂ ಹಳಿಗಳನ್ನು ಬೆಸೆದು ಪ್ರವಾಹವನ್ನು ಅಡ್ಡದಾರಿಗೆ ತಿರುಗಿಸುತ್ತವೆ. ರಿಲೇ ಕೆಳಗೆ ಬೀಳುತ್ತದೆ, ದೀಪ ಕೆಂಪಾಗುತ್ತದೆ. ಇದರ ಜಾಣ್ಮೆ ಇರುವುದು ರೈಲನ್ನು ಗುರುತಿಸುವುದರಲ್ಲಿ ಮಾತ್ರವಲ್ಲ. ಬ್ಯಾಟರಿ ಸತ್ತರೂ ಕೆಂಪು. ತಂತಿ ಕಡಿದರೂ ಕೆಂಪು. ಹಳಿ ಮುರಿದು ಪ್ರವಾಹ ತುಂಡಾದರೂ ಕೆಂಪು. ಮೌನವನ್ನು ಅಪಾಯವೆಂದೇ ಅರ್ಥಮಾಡಿಕೊಳ್ಳುವಂತೆ ಆ ಯಂತ್ರವನ್ನು ಕಟ್ಟಲಾಗಿದೆ.

ರೈಲ್ವೆಯ ಸಂಕೇತ ವಿಭಾಗದವರು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಸ್ಪ್ರಿಂಗು ಸವೆಯಬಹುದು, ಮುರಿಯಬಹುದು; ಭೂಮಿಯ ಸೆಳೆತ ಸವೆಯುವುದಿಲ್ಲ. ಆದ್ದರಿಂದ ಅವರ ಅತ್ಯಂತ ವಿಶ್ವಾಸದ ರಿಲೇಗಳಲ್ಲಿ ಪ್ರವಾಹ ನಿಂತಾಗ ಕಬ್ಬಿಣದ ತುಂಡು ತನ್ನ ಭಾರದಿಂದಲೇ ಬೀಳುವಂತೆ ಮಾಡಿದರು. ಲೋಹಕ್ಕೆ ಲೋಹ ತಾಗಿ ಕಿಡಿ ಹಾರಿದಾಗ ಬೆಸುಗೆಯಾಗಿ ಅಂಟಿಕೊಳ್ಳಬಹುದೆಂದು, ಮುಖ್ಯ ಸಂಪರ್ಕಗಳಲ್ಲಿ ಒಂದು ಕಡೆ ಲೋಹ, ಇನ್ನೊಂದು ಕಡೆ ಇಂಗಾಲವನ್ನು ಇಟ್ಟರು, ಇಂಗಾಲ ಬೆಸೆದುಕೊಳ್ಳುವುದಿಲ್ಲ. ಈ ವಿದ್ಯೆಯನ್ನು ದೇಶದ ರೈಲ್ವೆ ನೌಕರರಿಗೆ ಕಲಿಸುವ ಸಂಸ್ಥೆ ನಮ್ಮ ಅವಳಿ ನಗರದಲ್ಲಿಯೇ ಇದೆ. ಸಿಕಂದರಾಬಾದಿನ ತಾರ್ನಾಕಾದಲ್ಲಿರುವ ಇರಿಸೆಟ್ 1957ರ ನವೆಂಬರಿನಲ್ಲಿ ಆರಂಭವಾಯಿತು.

ಇಂಥ ಎಚ್ಚರದ ವ್ಯವಸ್ಥೆಯಲ್ಲಿಯೂ ಮನುಷ್ಯನ ಕೈ ತಪ್ಪಬಲ್ಲದು. 2023ರ ಜೂನ್ 2ರ ಸಂಜೆ ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ನೇರ ದಾರಿಯ ಹಸಿರು ಸಂಕೇತ ದೊರೆತಿತ್ತು. ಹಳಿಯ ಕೀಲು ಮಾತ್ರ ಪಕ್ಕದ ದಾರಿಗೆ ತಿರುಗಿತ್ತು. ಅಲ್ಲಿ ನಿಂತಿದ್ದ ಸರಕಿನ ಗಾಡಿಗೆ ಅದು ಅಪ್ಪಳಿಸಿತು. ಹಳಿ ತಪ್ಪಿದ ಡಬ್ಬಿಗಳು ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ರೈಲಿನ ಹಿಂಭಾಗಕ್ಕೆ ತಗುಲಿದವು. 290ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಕಂಡುಕೊಂಡದ್ದು ಸಂಕೇತ ಮಂಡಲದ ತಂತಿಗಳನ್ನು ಬದಲಿಸಿದಾಗ ನಡೆದ ಲೋಪಗಳನ್ನು. ಲೆವೆಲ್ ಕ್ರಾಸಿಂಗಿನ ಪೆಟ್ಟಿಗೆಯೊಳಗೆ ತಂತಿಗಳ ಹೆಸರುಪಟ್ಟಿ ವರ್ಷಗಳಿಂದ ತಪ್ಪಾಗಿಯೇ ಉಳಿದಿತ್ತು. ಸುಳ್ಳು ಹೇಳದಂತೆ ಕಟ್ಟಿದ ಯಂತ್ರಕ್ಕೆ ಮನುಷ್ಯರೇ ತಪ್ಪು ಸುದ್ದಿ ಕೊಟ್ಟಂತಾಯಿತು. ಕೀಲು ಎಲ್ಲಿದೆ ಎಂದು ಹೇಳಬೇಕಾದ ತಂತಿ ಬೇರೇನನ್ನೋ ಹೇಳಿದರೆ, ಎಷ್ಟು ಪ್ರಾಮಾಣಿಕವಾದ ರಿಲೇಯೂ ಕೇಳಿದ್ದನ್ನೇ ಪಾಲಿಸುತ್ತದೆ.

ಇತ್ತೀಚಿನ 'ಕವಚ್' ವ್ಯವಸ್ಥೆಯ ಚರಿತ್ರೆಯೂ ನಮ್ಮ ದಾರಿಯಲ್ಲಿಯೇ ಬರೆಯಲ್ಪಟ್ಟಿತು. ಚಾಲಕ ಸಂಕೇತವನ್ನು ಮೀರಿದಾಗ ತಾನೇ ಬ್ರೇಕು ಹಾಕುವ ಈ ಸಾಧನವನ್ನು ದಕ್ಷಿಣ ಮಧ್ಯ ರೈಲ್ವೆಯು ಲಿಂಗಂಪಲ್ಲಿಯಿಂದ ವಿಕಾರಾಬಾದಿನ ಮೂಲಕ ವಾಡಿಗೂ ಬೀದರಿಗೂ ಹೋಗುವ ಮಾರ್ಗಗಳಲ್ಲಿ ಪರೀಕ್ಷಿಸಿತು. ಪ್ರಯಾಣಿಕರ ರೈಲುಗಳಲ್ಲಿ ಅದರ ಪ್ರಯೋಗ 2016ರ ಫೆಬ್ರುವರಿಯಲ್ಲಿ ಆರಂಭವಾಯಿತು. ಮಣಿಕೊಂಡ, ಗಚ್ಚಿಬೌಲಿ, ಲಿಂಗಂಪಲ್ಲಿಗಳಲ್ಲಿ ನೆಲೆಸಿ ಹಬ್ಬಕ್ಕೆ ಬೀದರ, ಕಲಬುರಗಿಗಳ ಕಡೆ ಹೊರಡುವ ನಮ್ಮವರು ಹಾದುಹೋಗುವ ಹಳಿಗಳೇ ಅವು.

ಈಗ ಹಳಿಯಿಂದ ಹೊಲಕ್ಕೆ ಬರೋಣ. ಏಕೆಂದರೆ ನಮ್ಮ ಗಡಿನಾಡಿನಲ್ಲಿ ರಿಲೇಯ ಪ್ರಶ್ನೆ ಹೆಚ್ಚು ಜನರ ಬದುಕನ್ನು ತಟ್ಟಿದ್ದು ಅಲ್ಲಿಯೇ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯೊಳಗೆ ಇರುವುದು ರಿಲೇಯ ಹಿರಿಯಣ್ಣನಾದ ಕಾಂಟ್ಯಾಕ್ಟರು. ಹಸಿರು ಗುಂಡಿ ಒತ್ತಿದಾಗ ಅದರ ಸುರುಳಿಗೆ ಪ್ರವಾಹ ಸಿಕ್ಕಿ ಸಂಪರ್ಕಗಳು ಮುಚ್ಚುತ್ತವೆ. ಮುಚ್ಚಿದ ಮೇಲೆ ತನ್ನ ಸುರುಳಿಗೆ ಬೇಕಾದ ಪ್ರವಾಹವನ್ನು ತಾನೇ ಕೊಟ್ಟುಕೊಂಡು ಹಿಡಿದುಕೊಳ್ಳುತ್ತದೆ. ಕರೆಂಟು ಹೋದಾಗ ಬಿಟ್ಟುಬಿಡುತ್ತದೆ. ಕರೆಂಟು ಮರಳಿ ಬಂದರೂ ಸುಮ್ಮನೆ ಕುಳಿತಿರುತ್ತದೆ. ಯಾರಾದರೂ ಬಂದು ಗುಂಡಿ ಒತ್ತಬೇಕು. ಕರೆಂಟಿಲ್ಲದ ಹೊತ್ತಿನಲ್ಲಿ ಮೋಟಾರು ಬಿಚ್ಚಿ ಕೈ ಹಾಕಿದವನ ಜೀವ ಉಳಿಯಲೆಂದೇ ಇದನ್ನು ಹೀಗೆ ರೂಪಿಸಿದ್ದಾರೆ. ಹಳಿಮಂಡಲದ ನೀತಿಯೇ ಇಲ್ಲಿಯೂ ನಿಂತಿದೆ: ಅಪ್ಪಣೆ ಇಲ್ಲದಾಗ ನಿಶ್ಚಲ.

ಆದರೆ ಹೊಲಕ್ಕೆ ಕರೆಂಟು ದಿನಕ್ಕೆ ಕೆಲವೇ ತಾಸು, ಅದೂ ಬಹುಪಾಲು ರಾತ್ರಿಯಲ್ಲಿ ಬರತೊಡಗಿದಾಗ ಈ ನೀತಿಯೇ ಭಾರವಾಯಿತು. ರಾಯಚೂರು, ಯಾದಗಿರಿಗಳ ರೈತರಿಗೂ, ಗಡಿಯಾಚೆ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ, ಮಾಗನೂರು ಮಂಡಲಗಳಲ್ಲಿ ಮನೆಮಾತಾಗಿ ಕನ್ನಡ ಆಡುವ ರೈತರಿಗೂ, ನಡುರಾತ್ರಿ ಟಾರ್ಚು ಹಿಡಿದು ಬದುವಿನ ಮೇಲೆ ನಡೆಯುವುದು ಬದುಕಿನ ಭಾಗವಾಯಿತು. ಹಾವು, ತುಳಿದ ತಂತಿ, ಒದ್ದೆ ಕೈಯಲ್ಲಿ ಮುಟ್ಟಿದ ಸ್ಟಾರ್ಟರು: ಈ ಮೂರರಲ್ಲೊಂದರಿಂದ ಯಾರನ್ನಾದರೂ ಕಳೆದುಕೊಂಡ ಮನೆ ಪ್ರತಿ ಸೀಮೆಯಲ್ಲಿಯೂ ಇದೆ.

ಆಗ ಬಂದದ್ದು ಆಟೋ ಸ್ಟಾರ್ಟರು. ಕರೆಂಟು ಬಂದದ್ದನ್ನು ಗುರುತಿಸಿ, ತುಸು ಹೊತ್ತು ಕಾದು, ಹಸಿರು ಗುಂಡಿಯನ್ನು ಮನುಷ್ಯನ ಬದಲು ತಾನೇ ಒತ್ತುವ ಪುಟ್ಟ ರಿಲೇ. ರೈತ ಮನೆಯಲ್ಲಿ ಮಲಗಬಹುದಾಯಿತು. ಆದರೆ ಫೀಡರಿನ ಮೋಟಾರುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಏಳತೊಡಗಿದಾಗ ಟ್ರಾನ್ಸ್‌ಫಾರ್ಮರುಗಳು ಆ ಹೊರೆ ತಾಳಬೇಕಾಯಿತು. ಬೇಕಿರಲಿ ಬೇಡದಿರಲಿ ಕೊಳವೆಬಾವಿ ಬತ್ತುವವರೆಗೂ ನೀರು ಹರಿಯಿತು. ತೆಲಂಗಾಣ ಸರಕಾರ 2018ರ ಜನವರಿ 1ರಿಂದ ಕೃಷಿಗೆ 24 ತಾಸು ಉಚಿತ ವಿದ್ಯುತ್ತು ಕೊಡಲು ಹೊರಟಾಗ, ಆಟೋ ಸ್ಟಾರ್ಟರುಗಳನ್ನು ಕಿತ್ತುಹಾಕಬೇಕೆಂದು ರೈತರನ್ನು ಕೇಳಿಕೊಂಡಿತು. ದಿನವಿಡೀ ಕರೆಂಟು, ಜೊತೆಗೆ ತಾನೇ ಏಳುವ ಮೋಟಾರು ಎಂದರೆ ಅಂತರ್ಜಲ ಉಳಿಯದೆಂಬ ಭಯ ಅದಕ್ಕಿತ್ತು. ಬೆರಳ ತುದಿಯಷ್ಟು ದೊಡ್ಡ ಸಾಧನವೊಂದು ರಾಜ್ಯನೀತಿಯ ವಿಷಯವಾದದ್ದು ಹೀಗೆ.

ಇಲ್ಲಿ ರೈತನನ್ನು ದೂರುವುದು ಸುಲಭ, ನ್ಯಾಯವಲ್ಲ. ನಿಶ್ಚಲವಾಗಿರುವ ಸ್ಟಾರ್ಟರು ಹಗಲಿನ ಕಾರ್ಖಾನೆಯಲ್ಲಿ ಜೀವರಕ್ಷಕ. ನಡುರಾತ್ರಿಯ ಹೊಲದಲ್ಲಿ ಅದೇ ಜೀವಕ್ಕೆ ಎರವು. ಅಪಾಯವಿರುವುದು ಡಬ್ಬಿಯೊಳಗೋ ದಾರಿಯಲ್ಲೋ ಎಂಬುದನ್ನು ಕರೆಂಟು ಬಿಡುವ ವೇಳಾಪಟ್ಟಿ ನಿರ್ಧರಿಸಿತ್ತು. ಪುಣೆಯ ಸಂತೋಷ್ ಓಸ್ತವಾಲ್ ತಮ್ಮ ಅಜ್ಜ ಹೀಗೆ ಹೊಲಕ್ಕೆ ನಡೆಯುವ ಕಷ್ಟವನ್ನು ಕಂಡು ರೂಪಿಸಿದ 'ನ್ಯಾನೋ ಗಣೇಶ್' ಮೂರನೆಯ ದಾರಿಯೊಂದನ್ನು ತೋರಿಸಿತು. ಸ್ಟಾರ್ಟರಿಗೆ ಜೋಡಿಸಿದ ಈ ಸಾಧನಕ್ಕೆ ಮೊಬೈಲಿನಿಂದ ಕರೆ ಮಾಡಿ ಮೋಟಾರನ್ನು ಚಾಲೂ ಮಾಡಬಹುದು, ನಿಲ್ಲಿಸಬಹುದು. ನಡೆಯುವ ಕಾಲಿಗೆ ವಿರಾಮ ಸಿಕ್ಕಿತು, ಅಪ್ಪಣೆ ಮಾತ್ರ ಮನುಷ್ಯನ ಬಳಿಯೇ ಉಳಿಯಿತು. ಈಗ ಬಗೆಬಗೆಯ ಮೊಬೈಲ್ ಸ್ಟಾರ್ಟರುಗಳು ಮಾರುಕಟ್ಟೆಯಲ್ಲಿವೆ.

ಗುಜರಾತಿ ಗಲ್ಲಿಯ ನೀಲಿ ಡಬ್ಬಿ ಈ ಪರಂಪರೆಯ ಕಿರಿಯ ಕುಡಿ. ಅದನ್ನು ಬಿಚ್ಚಿ ನೋಡಿದರೆ ಹಳೆಯ ಅಂಚೆಯ ಸಾಲು ಮತ್ತೆ ಕಾಣುತ್ತದೆ. ಬಾಲಕರು ಬಳಸುವ, 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಹುಟ್ಟಿದ ಆರ್ಡುಯಿನೋ ಹಲಗೆಯ ಒಂದು ಕಾಲು ನಿರಾತಂಕವಾಗಿ ಕೊಡಬಲ್ಲದ್ದು ಸುಮಾರು 20 ಮಿಲಿಆಂಪಿಯರು. 5 ವೋಲ್ಟಿನ ರಿಲೇ ಸುರುಳಿಗೆ ಬೇಕಾದದ್ದು ಸುಮಾರು 70. ಆದ್ದರಿಂದ ನಡುವೆ ಒಂದು ಟ್ರಾನ್ಸಿಸ್ಟರು ನಿಲ್ಲುತ್ತದೆ. ಸುರುಳಿಯ ಪ್ರವಾಹ ಥಟ್ಟನೆ ನಿಂತಾಗ ಏಳುವ ಎದುರೇಟು ಟ್ರಾನ್ಸಿಸ್ಟರನ್ನು ಸುಡದಂತೆ ಸುರುಳಿಗೆ ಅಡ್ಡಲಾಗಿ ಒಂದು ಡಯೋಡು ಕಾಯುತ್ತದೆ. ಅನೇಕ ಹಲಗೆಗಳಲ್ಲಿ ಬೆಳಕಿನ ಮೂಲಕ ಸುದ್ದಿ ದಾಟಿಸುವ ಆಪ್ಟೋಕಪ್ಲರು ಇನ್ನೊಂದು ಕಟ್ಟೆ. ಆಮೇಲೆ ರಿಲೇ. ಡಬ್ಬಿಯ ಮೇಲೆ 10 ಆಂಪಿಯರು ಎಂದು ಬರೆದಿದ್ದರೂ ಅದು ಇಸ್ತ್ರಿಪೆಟ್ಟಿಗೆಯಂಥ ಸರಳ ಹೊರೆಗೆ ಹೇಳಿದ ಮಾತು. 5 ಅಶ್ವಶಕ್ತಿಯ ಮೂರು ಫೇಸಿನ ಮೋಟಾರು ಓಡುವಾಗ 7-8 ಆಂಪಿಯರು ಸೆಳೆದರೂ, ಏಳುವ ಕ್ಷಣದಲ್ಲಿ ಅದರ ಆರರಷ್ಟು ಕೇಳುತ್ತದೆ. ಆದ್ದರಿಂದ ನೀಲಿ ಡಬ್ಬಿ ಕಾಂಟ್ಯಾಕ್ಟರಿನ ಸುರುಳಿಯನ್ನಷ್ಟೇ ಎಬ್ಬಿಸಬೇಕು. ಮೋಟಾರನ್ನು ಕಾಂಟ್ಯಾಕ್ಟರು ಎಬ್ಬಿಸಲಿ. ಒಬ್ಬೊಬ್ಬ ಓಟಗಾರನೂ ತನ್ನ ಹೆಗಲು ಹೊರುವಷ್ಟನ್ನೇ ಹೊತ್ತರೆ ಚೀಲ ಊರು ಸೇರುತ್ತದೆ.

ಇನ್ನು ಹಳೆಯ ಪ್ರಶ್ನೆ. ಈ ಅಗ್ಗದ ಹಲಗೆಗಳಲ್ಲಿ ಬಹಳಷ್ಟು, ಸಂಕೇತದ ತಂತಿ ಶೂನ್ಯಕ್ಕೆ ಇಳಿದಾಗ ಚಾಲೂ ಆಗುತ್ತವೆ. ಕಾರ್ಯಕ್ರಮ ಬರೆಯುವವನು ಕಾಲನ್ನು ಮೊದಲು ಮೇಲಿನ ಸ್ಥಿತಿಗೆ ತರದೆ ಹೊರಮುಖವಾಗಿಸಿದರೆ, ಒಂದು ಕ್ಷಣ 'ಟಕ್' ಎಂದೇ ಎನ್ನುತ್ತದೆ. ಕೆಲವು ಮೈಕ್ರೋಕಂಟ್ರೋಲರುಗಳ ಕೆಲವು ಕಾಲುಗಳು ಎಚ್ಚರಗೊಳ್ಳುವಾಗ ತಾವಾಗಿಯೇ ಏರಿಳಿಯುತ್ತವೆ. ದೀಪಕ್ಕಾದರೆ ಇದು ಕಣ್ಣು ಮಿಟುಕಿಸಿದಂತೆ. ಯಾರೋ ಕೈಯಿಟ್ಟಿರುವ ಮೋಟಾರಿಗಾದರೆ ಮಾತು ಬೇರೆ. ಲೋಹಕ್ಕೆ ಲೋಹ ತಾಗುವ ಈ ಡಬ್ಬಿಯಲ್ಲಿ ಇಂಗಾಲವಿಲ್ಲ. ಹೊರೆ ಮೀರಿದರೆ ಸಂಪರ್ಕ ಬೆಸೆದುಕೊಂಡು, ಸುರುಳಿ ಬಿಟ್ಟರೂ ಬಿಡದೆ ಕೂರಬಹುದು. ಮೈಕ್ರೋಕಂಟ್ರೋಲರು 'ನಿಲ್ಲಿಸಿದೆ' ಎಂದುಕೊಂಡಿರುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಕಾಗದದಲ್ಲಿ ಇತ್ಯರ್ಥವಾದ ಕಡತ ಕಪಾಟಿನಲ್ಲಿ ಹಾಗೆಯೇ ಮಲಗಿರುವುದನ್ನು ಬಲ್ಲ ನಮ್ಮಂಥ ಸರಕಾರಿ ನೌಕರರಿಗೆ ಈ ಸ್ಥಿತಿ ಚೆನ್ನಾಗಿ ಅರ್ಥವಾಗುತ್ತದೆ. ಅಪ್ಪಣೆ ಹೊರಟಿತು ಎಂಬುದು ಕೆಲಸ ಆಯಿತು ಎಂಬುದಕ್ಕೆ ಪುರಾವೆಯಲ್ಲ. ನಿಜವಾಗಿ ಪ್ರವಾಹ ನಿಂತಿತೇ ಎಂದು ಬೇರೆ ದಾರಿಯಿಂದ ನೋಡಿ ಖಚಿತಪಡಿಸಿಕೊಳ್ಳುವ ಪದ್ಧತಿ ರೈಲ್ವೆಯವರದು. ಮನೆಯಲ್ಲಿ ತೊಟ್ಟಿಯ ಮಟ್ಟವನ್ನು ಅಳೆಯುವ ಇನ್ನೊಂದು ತಂತಿಯಾದರೂ ಆ ಕೆಲಸ ಮಾಡಬಲ್ಲದು.

ಹಲಗೆಯನ್ನು ತಿರುಗಿಸಿ ನೋಡಿದರೆ ಒಳ್ಳೆಯ ತಯಾರಿಕೆಗಳಲ್ಲಿ ರಿಲೇಯ ಕೆಳಗೆ ಒಂದು ಸೀಳು ಕಾಣುತ್ತದೆ. ಒಂದು ಪಕ್ಕ 5 ವೋಲ್ಟು, ಇನ್ನೊಂದು ಪಕ್ಕ 230. ನಡುವೆ ಗಾಳಿಯಷ್ಟೇ ಇರಲೆಂದು ಹಲಗೆಯನ್ನೇ ಕತ್ತರಿಸಿದ್ದಾರೆ. ಆ ಬಿರುಕನ್ನು ದೋಷವೆಂದು ತಿಳಿಯಬಾರದು. ಹೆನ್ರಿಯ ಕಾಲದಿಂದ ರಿಲೇ ಕಾಪಾಡಿಕೊಂಡು ಬಂದ ಅಂತರ ಅದು. ಮನೆಯ ಮಕ್ಕಳು ನೀಲಿ ಡಬ್ಬಿಯಿಂದ ದೀಪ ಹೊತ್ತಿಸಿ ತೋರಿಸಿದಾಗ ಹಿರಿಯರಾದ ನಾವು ಮೆಚ್ಚಬೇಕಾದದ್ದೇ. ಜೊತೆಗೆ ಇಷ್ಟನ್ನು ಕೇಳಿ, ಉತ್ತರವನ್ನು ಅವರಿಂದಲೇ ಮಾಡಿಸಿ ನೋಡುವುದು ಒಳ್ಳೆಯದು: ತಂತಿ ಕಿತ್ತರೆ ಇದು ಎಲ್ಲಿ ನಿಲ್ಲುತ್ತದೆ? ಕರೆಂಟು ಹೋಗಿ ಬಂದರೆ ಏನು ಮಾಡುತ್ತದೆ? ಅಂಟಿಕೊಂಡರೆ ನಮಗೆ ತಿಳಿಯುವುದು ಹೇಗೆ? ರಾಬಿನ್ಸನ್ ಹಳಿಯ ಬಗ್ಗೆ ಕೇಳಿಕೊಂಡದ್ದೂ, ಗಡಿನಾಡಿನ ರೈತ ಕತ್ತಲೆಯ ಬದುವಿನ ಮೇಲೆ ಉತ್ತರ ಹುಡುಕಿದ್ದೂ ಇಂಥವೇ ಪ್ರಶ್ನೆಗಳಿಗೆ.